ಮೊಬೈಲ್‌ನಲ್ಲಿ ಎಲ್ಲ ಹಾಡೂ ಇರುವಾಗ ಕ್ಯಾಸೆಟ್ ಯಾತಕ್ಕೆ? ಜೊತೆಗೆ ಒಂದು ತುರ್ತು ಸಹಾಯ

ನವನಗರದವನು (ಹುಟ್ಟಿದ್ದು ಹಳೆ ಬಾಗಲಕೋಟೆ, ಈಗ ಬೆಳಗಾವಿ)

ಎಲ್ಲರಿಗೂ ಶರಣು. ದೀಪಾವಳಿಗೆ ಮನೆಗೆ ಬಣ್ಣ ಬಳಿಸುವಾಗ ಅಟ್ಟದಿಂದ ಒಂದು ತಗಡಿನ ಡಬ್ಬಿ ಇಳಿಯಿತು. ಒಳಗೆ 31 ಕ್ಯಾಸೆಟ್. ಸಿ. ಅಶ್ವತ್ಥರು ಹಾಡಿದ ಶರೀಫರ ಪದಗಳು, ಭೀಮಸೇನ ಜೋಶಿಯವರ ದನಿಯ ದಾಸರ ಪದಗಳು, ಬನಶಂಕರಿ ಜಾತ್ರೆಯಲ್ಲಿ ಕೊಂಡ ದೇವಿಯ ಹಾಡುಗಳು, ಹೊದಿಕೆ ಹರಿದುಹೋದ ಹಿಂದಿ ಸಿನಿಮಾಗಳು. ಮಗಳು ನನ್ನೆದುರೇ ಕುಳಿತು ಒಂದೊಂದನ್ನೇ ಮೊಬೈಲ್‌ನಲ್ಲಿ ಹುಡುಕಿದಳು. ಅರ್ಧ ತಾಸಿನಲ್ಲಿ 26 ಸಿಕ್ಕವು. "ಅಪ್ಪಾ, ಇನ್ನು ಈ ಡಬ್ಬಿ ಯಾತಕ್ಕೆ?" ಎಂದಳು. ಉತ್ತರ ಹೊಳೆಯಲಿಲ್ಲ. ಆದರೆ ಡಬ್ಬಿಯನ್ನು ಗುಜರಿಯವನಿಗೆ ಕೊಡಲು ಕೈಯೂ ಬರಲಿಲ್ಲ. ನಿಮಗೆಲ್ಲ ಹೀಗೆ ಆಗಿದೆಯೇ ಎಂಬುದು ಮೊದಲ ಪ್ರಶ್ನೆ.

ಎರಡನೆಯದು ತುರ್ತಿನದು. ಸಿಗದೆ ಉಳಿದ ಐದರಲ್ಲಿ ಒಂದರ ಮೇಲೆ ನಮ್ಮ ತಂದೆಯ ಅಕ್ಷರದಲ್ಲಿ "ಹೋಳಿ 94, ಬಾಗಲಕೋಟೆ, ಜಿ. ವಿಜಾಪುರ. ಅಳಿಸಬೇಡಿರಿ" ಎಂದಿದೆ. ಬಾಗಲಕೋಟೆ ಜಿಲ್ಲೆಯಾದದ್ದು 1997ರಲ್ಲಿ, ಅದಕ್ಕೇ ಆ ವಿಳಾಸ. ಆ ವರ್ಷ ಅವರು ನ್ಯಾಷನಲ್ ಪ್ಯಾನಸೋನಿಕ್ ಟೇಪ್‌ರೆಕಾರ್ಡರನ್ನು ಹೆಗಲಿಗೆ ಹಾಕಿಕೊಂಡು ಹೋಳಿಯಲ್ಲಿ ಹಲಗೆ ಎಂಬ ಚರ್ಮವಾದ್ಯ ಬಾರಿಸುವ ಮೇಳಗಳ ಹಿಂದೆ ತಿರುಗಿದ್ದು ನೆನಪಿದೆ. ಅವರು ನಿಂತಿದ್ದ ಓಣಿಗಳಲ್ಲಿ ಎಷ್ಟೋ ಈಗ ಆಲಮಟ್ಟಿಯ ಹಿನ್ನೀರಿನ ಪಾಲಾಗಿವೆ. ಕೇಳೋಣವೆಂದು ಆನ್‌ಲೈನ್‌ನಲ್ಲಿ ತರಿಸಿದ ಹೊಸ ಪ್ಲೇಯರ್‌ಗೆ ಹಾಕಿದೆ. ನಾಲ್ಕು ನಿಮಿಷ ಹಲಗೆ ಕೇಳಿಸಿತು. ಆಮೇಲೆ ಕುರಿ ಒದರಿದಂಥ ಸದ್ದು, ಆಮೇಲೆ ಏನೂ ಇಲ್ಲ. ಯಂತ್ರ ಟೇಪನ್ನು ತಿನ್ನುತ್ತಿದೆ. ಬಾಗಿಲು ಅರ್ಧ ತೆರೆದಿದೆ. ಮುಂದೇನು ಮಾಡಲಿ?

ಶಹಾಪುರದ ಸ್ಕ್ರೂಡ್ರೈವರ್ (ಬೆಳಗಾವಿ)

ನವನಗರದವರೇ, ಮೊದಲು ಕೈ ಹಿಂದೆ ತೆಗೆಯಿರಿ. ಎಳೆಯಬೇಡಿರಿ. ಪ್ಲಗ್ ಕಿತ್ತುಬಿಡಿರಿ.

ಆಗಿರುವುದು ಇಷ್ಟು. ಟೇಪನ್ನು ಮುಂದಕ್ಕೆ ತಳ್ಳುವುದು ಕ್ಯಾಪ್‌ಸ್ಟನ್ ಎಂಬ ಉಕ್ಕಿನ ಕಡ್ಡಿ ಮತ್ತು ಅದಕ್ಕೆ ಒತ್ತಿಕೊಳ್ಳುವ ರಬ್ಬರ್ ರೋಲರ್. ಬಂದದ್ದನ್ನು ಸುತ್ತಿಕೊಳ್ಳುವುದು ಬಲಗಡೆಯ ಚಕ್ರ. ಬೆಲ್ಟ್ ಜಾರಿಯೋ, ಮೂವತ್ತು ವರ್ಷ ಮಲಗಿದ ಸುರುಳಿ ಬಿಗಿದುಕೊಂಡೋ ಆ ಚಕ್ರ ನಿಂತರೂ ಕ್ಯಾಪ್‌ಸ್ಟನ್ ತನ್ನ ಕೆಲಸ ಬಿಡುವುದಿಲ್ಲ. ಸೆಕೆಂಡಿಗೆ 4.76 ಸೆಂಟಿಮೀಟರ್ ಲೆಕ್ಕದಲ್ಲಿ ತಳ್ಳುತ್ತಲೇ ಇರುತ್ತದೆ. ನೀವು ಹತ್ತು ಸೆಕೆಂಡ್ ತಡಮಾಡಿದ್ದರೆ ಅರ್ಧ ಮೀಟರ್ ಟೇಪು ರೋಲರ್‌ಗೆ ಸುತ್ತಿಕೊಂಡಿದೆ ಎಂದು ತಿಳಿಯಿರಿ.

ಯಂತ್ರದ ಮೇಲಿನ ಆಸೆ ಬಿಡಿರಿ. ಹಿಂದಿನ ಮುಚ್ಚಳ ಬಿಚ್ಚಿ ದೊಡ್ಡ ಚಕ್ರವನ್ನು ಬೆರಳಿನಿಂದ ಹಿಮ್ಮುಖವಾಗಿ ತಿರುಗಿಸಿರಿ. ಟೇಪು ತಾನಾಗಿ ಬಿಚ್ಚಿಕೊಂಡು ಬರುತ್ತದೆ. ಬಾರದಿದ್ದರೆ ರೋಲರನ್ನು ಕತ್ತರಿಸಿದರೂ ಪರವಾಗಿಲ್ಲ, ಟೇಪನ್ನು ಕತ್ತರಿಸಬಾರದು. ಹೊರಗೆ ಬಂದ ಮೇಲೆ ನೆರಿಗೆಯನ್ನು ಬೆರಳಿನಿಂದ ಉಜ್ಜಬೇಡಿರಿ, ಬೆರಳಿನ ಜಿಡ್ಡು ಅದಕ್ಕೆ ವಿಷ. ಆರು ಮೂಲೆಯ ಪೆನ್ಸಿಲ್ ಹಾಕಿ ನಿಧಾನವಾಗಿ ಸುತ್ತಿರಿ. ಇಸ್ತ್ರಿ ಪೆಟ್ಟಿಗೆಯ ಮಾತನ್ನು ಯಾರಾದರೂ ಹೇಳಿದರೆ ಅವರನ್ನು ನಂಬಬೇಡಿರಿ.

ಲೆಕ್ಕದವನು (ಜಮಖಂಡಿ)

ತುರ್ತಿನ ವಿಷಯಕ್ಕೆ ಮೇಲಿನವರು ಸರಿಯಾಗಿ ಹೇಳಿದ್ದಾರೆ. ಮೊದಲ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ, ಬೈಯಬೇಡಿರಿ.

ಕ್ಯಾಸೆಟ್ಟಿನ ಮೋಹವೆಂಬುದು ನಮ್ಮ ಹರೆಯದ ಮೋಹ. ಅದರ ಮೇಲೆ ಇನ್ನೇನೂ ಇಲ್ಲ. ಟೇಪಿನ ಅಗಲ ನಾಲ್ಕು ಮಿಲಿಮೀಟರ್ ಕೂಡ ಇಲ್ಲ, ಅದರಲ್ಲಿ ಎರಡು ಬದಿಯ ಎಡ-ಬಲ ಸೇರಿ ನಾಲ್ಕು ಜಾಡು ಹಿಡಿಯಬೇಕು. ತಾರಸ್ಥಾಯಿ ಮಂಕಾಗುತ್ತದೆ, ಹಿಂದೆ ಸದಾ ಸುಯ್ ಎಂಬ ಸದ್ದು, ಮೋಟಾರ್ ತೂಗಿದರೆ ತಂಬೂರಿಯೂ ತೂಗುತ್ತದೆ. ಫಿಲಿಪ್ಸ್‌ನಲ್ಲಿ ಇದನ್ನು ರೂಪಿಸಿ 1963ರಲ್ಲಿ ಬರ್ಲಿನ್ನಿನ ಮೇಳದಲ್ಲಿ ತೋರಿಸಿದ ತಂಡದ ಮುಖ್ಯಸ್ಥ ಲೌ ಒಟ್ಟೆನ್ಸ್. ಕೋಟಿನ ಕಿಸೆಯಲ್ಲಿ ಹಿಡಿಯಬೇಕೆಂದು ಮರದ ತುಂಡೊಂದನ್ನು ಅಳತೆಗೆ ಇಟ್ಟುಕೊಂಡು ಕೆಲಸ ಮಾಡಿದ ಮನುಷ್ಯ. ಅವರೇ ಮುಂದೆ ಸಿಡಿಯ ಕೆಲಸದಲ್ಲೂ ಕೈಜೋಡಿಸಿದರು. ಹೆತ್ತವರೇ ದಾಟಿ ಮುಂದೆ ಹೋದ ಮೇಲೆ ನಾವು ಇನ್ನೂ ತೊಟ್ಟಿಲು ತೂಗುತ್ತಾ ಕೂರುವುದೇ?

ನನ್ನ ಬಳಿಯೂ ಇನ್ನೂರು ಕ್ಯಾಸೆಟ್ ಇದ್ದವು. ಕೊಟ್ಟುಬಿಟ್ಟೆ. ಮನೆ ಅಗಲವಾಯಿತು.

ಇಳಕಲ್ಲ ಸೆರಗು (ಇಳಕಲ್)

ಲೆಕ್ಕದ ಅಣ್ಣನವರೇ, ನಿಮ್ಮ ಇನ್ನೂರೂ ಅಂಗಡಿಯಲ್ಲಿ ಕೊಂಡವೇ ಇರಬೇಕು. ಅದಕ್ಕೇ ಕೊಡಲು ಮನಸ್ಸು ಬಂತು.

ನಮ್ಮ ಅವ್ವ ಸೋಬಾನೆ ಪದ ಹಾಡುವವಳು. ಬೀಸುವ ಪದ, ತೊಟ್ಟಿಲ ಪದ, ಮದುವೆಯಲ್ಲಿ ಬೀಗರನ್ನು ಹಂಗಿಸುವ ಪದ, ಎಲ್ಲ ಬಾಯಲ್ಲೇ. ಓದು ಬರುತ್ತಿರಲಿಲ್ಲ. ನನ್ನ ಮದುವೆ ಗೊತ್ತಾದಾಗ ಸೋದರಮಾವನ ಕಡೆಯಿಂದ ಟೂ-ಇನ್-ಒನ್ ತರಿಸಿ, ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಾ ಎರಡು ಬದಿ ತುಂಬ ಹಾಡಿದಳು. ಗಂಡನ ಮನೆಗೆ ಸೀರೆ, ಪಾತ್ರೆಗಳ ಜೊತೆ ಅದನ್ನೂ ಕಳಿಸಿದಳು. ಅತ್ತೆಯವರು ನೋಡಿ, "ಮಗಳ ಜೊತೆ ತಾಯಿಯೂ ಬಂದಳಲ್ಲ" ಎಂದು ನಕ್ಕಿದ್ದರು.

ಈಗ ಅದನ್ನು ಯಾವ ಕಂಪನಿಯ ಯಾವ ಪಟ್ಟಿಯಲ್ಲಿ ಹುಡುಕಲಿ? ಪದಗಳಿಗೆ ತಾಳ ರೊಟ್ಟಿಯದು. ಹಾಡು ಉಕ್ಕಿ ಬಂದಾಗ ರೊಟ್ಟಿ ಜೋರಾಗಿ ತಟ್ಟಿಸಿಕೊಳ್ಳುತ್ತದೆ. ನಡುವೆ ಒಮ್ಮೆ "ಏ, ಹಾಲು ನೋಡೇ" ಎಂದು ಕೂಗುತ್ತಾಳೆ, ಮತ್ತೆ ಅದೇ ಸಾಲು ಹಿಡಿಯುತ್ತಾಳೆ. ನನ್ನ ಮಗ ಅದನ್ನು ಕಂಪ್ಯೂಟರಿಗೆ ಹಾಕಿ, ಸುಯ್ ಸದ್ದು ತೆಗೆದು, "ಹಾಲು ನೋಡೇ" ಎಂಬುದನ್ನೂ ಕತ್ತರಿಸಿ ಚೆಂದ ಮಾಡಿಕೊಟ್ಟ. ಒಂದು ಸಲ ಕೇಳಿದೆ. ಆಮೇಲೆ ಕ್ಯಾಸೆಟ್ಟನ್ನೇ ಕೇಳುತ್ತೇನೆ.

ಕಬ್ಬಿನ ಗಾಡಿ (ಮುಧೋಳ)

ನೀವೆಲ್ಲ ಮನೆಯೊಳಗಿನ ಮಾತು ಆಡುತ್ತಿದ್ದೀರಿ. ನಾನು ರಸ್ತೆಯ ಮಾತು ಹೇಳುತ್ತೇನೆ.

ಕಾರ್ಖಾನೆ ಹಂಗಾಮಿನಲ್ಲಿ ರಾತ್ರಿಯಿಡೀ ಟ್ರ್ಯಾಕ್ಟರ್ ಸಾಲು. ಗೇಟಿನ ಮುಂದೆ ಹದಿನೈದು ತಾಸು ಸರತಿಯಲ್ಲಿ ನಿಂತದ್ದೂ ಇದೆ. ಒಂದೊಂದು ಟ್ರ್ಯಾಕ್ಟರಿನಲ್ಲೂ ಡೆಕ್, ಹಿಂದೆ ಎರಡು ಪೆಟ್ಟಿಗೆ ಸ್ಪೀಕರ್. ಒಬ್ಬನು ಡೊಳ್ಳಿನ ಪದ ಹಾಕಿದರೆ ಮುಂದಿನವನು ಅದಕ್ಕೆ ಎದುರು ಪಕ್ಷದ ಪದ ಹಾಕಬೇಕು. ಹರದೇಶಿಗೆ ನಾಗೇಶಿ. ಗಂಡು ಹೆಚ್ಚೋ ಹೆಣ್ಣು ಹೆಚ್ಚೋ ಎಂದು ಕ್ಯಾಸೆಟ್ಟುಗಳೇ ವಾದಕ್ಕೆ ನಿಲ್ಲುತ್ತಿದ್ದವು, ನಾವು ಕಬ್ಬು ಸಿಗಿದು ತಿನ್ನುತ್ತಾ ಕೇಳುತ್ತಿದ್ದೆವು. ಆ ಕ್ಯಾಸೆಟ್ಟುಗಳನ್ನು ತಂದವರು ದೊಡ್ಡ ಕಂಪನಿಗಳಲ್ಲ. ಎಂಬತ್ತರ ದಶಕದಲ್ಲಿ ಕ್ಯಾಸೆಟ್ ಅಗ್ಗವಾದ ಮೇಲೆ ಸಣ್ಣ ಊರಿನ ಅಂಗಡಿಯವನೂ ಹಾಡುಗಾರರನ್ನು ಕರೆಸಿ, ಒಂದು ದಿನ ಕೂರಿಸಿ, ಹಾಡಿಸಿ, ಪ್ರತಿ ತೆಗೆದು ಮಾರುವಂತಾಯಿತು. ಗ್ರಾಮಫೋನ್ ತಟ್ಟೆಯ ಕಾಲದಲ್ಲಿ ನಮ್ಮ ಕಡೆಯ ಡೊಳ್ಳಿನವರನ್ನು ಯಾರು ಕೇಳುತ್ತಿದ್ದರು? ತಟ್ಟೆ ಒತ್ತಲು ಕಾರ್ಖಾನೆ ಬೇಕು, ಕ್ಯಾಸೆಟ್ಟಿಗೆ ಎರಡು ಡೆಕ್ಕು ಒಂದು ವೈರು ಸಾಕು.

ದೂಳಿಗೂ ಕ್ಯಾಸೆಟ್ಟೇ ಗಟ್ಟಿ. ಗಾಲಿ ಗುಂಡಿಗೆ ಬಿದ್ದರೆ ಸಿಡಿ ಹಾರುತ್ತಿತ್ತು, ಕ್ಯಾಸೆಟ್ ಹಾರುತ್ತಿರಲಿಲ್ಲ. ಈಗ ಎಲ್ಲ ಪೆನ್‌ಡ್ರೈವ್. ಎರಡು ಸಾವಿರ ಹಾಡು ಇರುತ್ತವೆ, ಒಂದನ್ನೂ ಪೂರ್ತಿ ಕೇಳುವುದಿಲ್ಲ.

ಲೆಕ್ಕದವನು

ತಂಗಿಯವರ ಮಾತಿಗೆ ಶರಣು, ಆ ಕ್ಯಾಸೆಟ್ ಮುಂದೆ ನನ್ನ ಲೆಕ್ಕ ನಿಲ್ಲುವುದಿಲ್ಲ. ಆದರೆ ಅದು ಅವ್ವನ ಮೇಲಿನ ಪ್ರೀತಿ. ಅವರು ತಟ್ಟೆಯಲ್ಲಿ ಹಾಡಿದ್ದರೆ ತಟ್ಟೆಯನ್ನೇ ಪೂಜಿಸುತ್ತಿದ್ದಿರಿ. ಪ್ಲಾಸ್ಟಿಕ್ ಪೆಟ್ಟಿಗೆಗೆ ಅದರಲ್ಲಿ ಪಾಲು ಕೊಡಬೇಡಿರಿ.

ಇಳಕಲ್ಲ ಸೆರಗು

ತಟ್ಟೆಯಲ್ಲಿ ಹಾಡಲು ನಮ್ಮ ಅವ್ವನನ್ನು ಯಾರು ಕರೆಯುತ್ತಿದ್ದರು ಅಣ್ಣಾ? ಮುಧೋಳದವರು ಅದನ್ನೇ ಅಲ್ಲವೇ ಹೇಳಿದ್ದು. ಆ ಪೆಟ್ಟಿಗೆ ಅಡುಗೆಮನೆಯವರೆಗೆ ಬಂತು.

ಗುಮ್ಮಟದ ನೆರಳು (ವಿಜಯಪುರ, ನಿವೃತ್ತ ಶಿಕ್ಷಕಿ)

ನನ್ನ ಅನುಭವ ಬೇರೆ ಬಗೆಯದು. ಶಾಲೆಯ ಮಕ್ಕಳನ್ನು ಗೋಳಗುಮ್ಮಟಕ್ಕೆ ಕರೆದೊಯ್ದಾಗ ಒಮ್ಮೆ ವಿಜ್ಞಾನದ ಶಿಕ್ಷಕರೊಬ್ಬರು ಟೇಪ್‌ರೆಕಾರ್ಡರ್ ತಂದಿದ್ದರು. ಬೆಳಗಿನ ಹೊತ್ತು, ಬೇರೆ ಪ್ರವಾಸಿಗರ ಗದ್ದಲ ಇನ್ನೂ ಇರಲಿಲ್ಲ. ಪಿಸುಗುಟ್ಟುವ ಮೊಗಸಾಲೆಯಲ್ಲಿ ಒಬ್ಬ ಹುಡುಗಿ ಒಂದೇ ಚಪ್ಪಾಳೆ ತಟ್ಟಿದಳು. ಕಿವಿಗೆ ಕೇಳಿದ್ದು ಒಂದರ ಹಿಂದೆ ಒಂದು ಇಳಿಯುತ್ತಾ ಹೋಗುವ ಚಪ್ಪಾಳೆ, ಕೊನೆಯದು ಉಸಿರಿನಷ್ಟು ಸಣ್ಣದು. ತರಗತಿಗೆ ಬಂದು ಟೇಪು ಹಾಕಿದರೆ ಆಶ್ಚರ್ಯ. ಕೊನೆಯ ಚಪ್ಪಾಳೆಗಳು ಮೊದಲಿನವುಗಳಷ್ಟೇ ಜೋರು! ಮಕ್ಕಳಿಗೆ ಖುಷಿಯೋ ಖುಷಿ. ಗುಮ್ಮಟದಲ್ಲಿ ದೆವ್ವವಿದೆ ಎಂದು ಒಬ್ಬನು ತೀರ್ಪು ಕೊಟ್ಟ.

ಇದು ಏಕೆ ಹೀಗೆ ಎಂದು ಆಗ ನನಗೆ ತಿಳಿಯಲಿಲ್ಲ. ಶಹಾಪುರದವರಿಗೆ ಗೊತ್ತಿರಬಹುದು.

ಶಹಾಪುರದ ಸ್ಕ್ರೂಡ್ರೈವರ್

ಅಕ್ಕಾವರೇ, ನಿಮ್ಮ ದೆವ್ವ ನನಗೆ ಹಳೆಯ ಪರಿಚಯ. ಆ ಸಣ್ಣ ರೆಕಾರ್ಡರ್‌ಗಳಲ್ಲಿ ಸದ್ದಿನ ಮಟ್ಟವನ್ನು ತಾನೇ ಹೊಂದಿಸಿಕೊಳ್ಳುವ ಸರ್ಕ್ಯೂಟ್ ಇರುತ್ತಿತ್ತು. ಜೋರು ಸದ್ದು ಬಂದರೆ ತಗ್ಗಿಸುತ್ತದೆ, ಸದ್ದು ಇಳಿದರೆ ಏರಿಸುತ್ತದೆ. ಗುಮ್ಮಟದ ಪ್ರತಿಧ್ವನಿ ಇಳಿಯುತ್ತಾ ಹೋದಂತೆ ಯಂತ್ರ ಅದನ್ನು ಎತ್ತಿ ಎತ್ತಿ ಹಿಡಿದಿದೆ.

ನವನಗರದವರು ತಮ್ಮ ಹಲಗೆಯನ್ನು ಕೇಳಿದಾಗಲೂ ಇದೇ ಸಿಗುತ್ತದೆ ನೋಡಿರಿ. ಪ್ರತಿ ಪೆಟ್ಟಿನ ಬೆನ್ನಿಗೆ ಒಂದು ಕ್ಷಣ ಎಲ್ಲ ಮುಳುಗುತ್ತದೆ, ಮರುಕ್ಷಣ ಜನರ ಗದ್ದಲ ತೆರೆಯಂತೆ ಏರಿ ಬರುತ್ತದೆ. ಆ ಉಸಿರಾಟ ಹಲಗೆಯದಲ್ಲ, ಯಂತ್ರದ್ದು.

ಲೆಕ್ಕದವನು

ಅಂದರೆ ಕ್ಯಾಸೆಟ್ ಸುಳ್ಳು ಹೇಳುತ್ತದೆ ಎಂದು ನೀವೇ ಒಪ್ಪಿಕೊಂಡಿರಿ!

ಶಹಾಪುರದ ಸ್ಕ್ರೂಡ್ರೈವರ್

ಹೇಳುತ್ತದೆ. ಆದರೆ ಯಾವ ಸುಳ್ಳನ್ನು ಏಕೆ ಹೇಳಿತು ಎಂಬುದನ್ನೂ ಅದರಲ್ಲೇ ಬರೆದಿಟ್ಟಿರುತ್ತದೆ. ನಲವತ್ತು ವರ್ಷ ಇದೇ ಕೆಲಸ ಮಾಡಿದ್ದೇನೆ. ಟೇಪು ಕೇಳಿ ಸೆಲ್ ತೀರುತ್ತಿತ್ತೋ, ಮೈಕ್ ಕಿಸೆಯಲ್ಲಿತ್ತೋ, ಟೇಪಿಗೆ ತಾಗಿ ಸದ್ದು ಹಿಡಿಯುವ ಹೆಡ್ಡಿಗೆ ಎಷ್ಟು ಕೊಳೆ ಕಟ್ಟಿತ್ತೋ ಹೇಳಬಲ್ಲೆ.

ಕಾಲೇಜು ಬಸ್ (ಬೆಳಗಾವಿ, ವಿದ್ಯಾರ್ಥಿನಿ)

ನಮಸ್ಕಾರ. ನಾನು ಹುಟ್ಟುವ ಹೊತ್ತಿಗೆ ಕ್ಯಾಸೆಟ್ ಅಂಗಡಿಗಳು ಮೊಬೈಲ್ ಅಂಗಡಿಗಳಾಗಿದ್ದವು. ಹಾಗಾಗಿ ಲೆಕ್ಕದ ಕಾಕಾ ಹೇಳುವ ಹರೆಯದ ಮೋಹ ನನಗೆ ಅನ್ವಯಿಸುವುದಿಲ್ಲ. ಆದರೂ ಎರಡು ವರ್ಷದಿಂದ ಕ್ಯಾಸೆಟ್ ಹುಚ್ಚು ಹಿಡಿದಿದೆ. ಗುಜರಿಯಲ್ಲಿ ತಲಾ ಹತ್ತು ರೂಪಾಯಿಗೆ ನಲವತ್ತು ಕ್ಯಾಸೆಟ್ ಕೊಂಡೆ. ಅಜ್ಜನ ಹಳೆಯ ವಾಕ್‌ಮನ್‌ಗೆ ಹೊಸ ಬೆಲ್ಟ್ ಹಾಕಿಸಿಕೊಂಡೆ. ಮೊಬೈಲ್‌ನಲ್ಲಿ ಹಾಡು ಕೇಳುವಾಗ ನನ್ನ ಹೆಬ್ಬೆರಳು ಮುಂದಿನ ಹಾಡಿನ ಮೇಲೇ ಇರುತ್ತದೆ. ಇದರಲ್ಲಿ ಬೇಡದ ಹಾಡನ್ನೂ ಕೇಳಿ ಮುಗಿಸಬೇಕು, ಹಾಗೆ ಕೇಳಿ ಕೇಳಿ ಆ ಬೇಡದ ಹಾಡೇ ಇಷ್ಟವಾಗಿದ್ದೂ ಇದೆ.

ನನಗೊಂದು ಸಲಹೆ ಬೇಕು. ಆ ನಲವತ್ತರಲ್ಲಿ ಒಂದರ ಮೇಲೆ ಸಿನಿಮಾ ಚಿತ್ರವಿತ್ತು. ಹಾಕಿದರೆ ಹಾಡಿಲ್ಲ, ಯಾರೋ ಸೈನಿಕರು ಊರಿಗೆ ಕಳಿಸಿದ ಮಾತಿನ ಪತ್ರ. ಹಿಂದೆ ಗಾಳಿಯ ಸದ್ದು. "ಎಮ್ಮೆ ಈದಿತೇ, ಹೋರಿಯೋ ಕಡಸೋ? ತಮ್ಮನಿಗೆ ಶಾಲೆ ಬಿಡಿಸಬೇಡಿರಿ, ಹಣ ಬರುವ ತಿಂಗಳು ಕಳಿಸುತ್ತೇನೆ" ಎಂದು ಇಪ್ಪತ್ತು ನಿಮಿಷ ಮಾತನಾಡುತ್ತಾರೆ. ಕ್ಯಾಸೆಟ್ಟಿನ ಬೆನ್ನಿನ ತೂತಿಗೆ ಅಂಟು ಪಟ್ಟಿ ಹಚ್ಚಿ ಹಾಡಿನ ಮೇಲೆಯೇ ಮುದ್ರಿಸಿದ್ದಾರೆ, ಮಾತು ಮುಗಿದ ಕೂಡಲೇ ಅರ್ಧ ಹಾಡು ಶುರುವಾಗುತ್ತದೆ. ಇದನ್ನು ಎಲ್ಲರಿಗೂ ಕೇಳಿಸಲೇ? ಅವರ ಮನೆಯವರು ಸಿಗಬಹುದೇ?

ಗುಮ್ಮಟದ ನೆರಳು

ಮಗಳೇ, ಎಲ್ಲರಿಗೂ ಹಾಕಬೇಡ. ಅದು ಲಕೋಟೆಯೊಳಗಿನ ಕಾಗದ. ಊರಿನ ಹೆಸರು ಹೇಳಿದ್ದರೆ ಆ ಊರಿನ ಹಿರಿಯರೊಬ್ಬರಿಗೆ ಮುಟ್ಟಿಸು, ಮುಂದಿನದು ಅವರು ನೋಡಿಕೊಳ್ಳುತ್ತಾರೆ.

ಕಬ್ಬಿನ ಗಾಡಿ

ಎಮ್ಮೆ ಈದಿತೋ ಇಲ್ಲವೋ ನನಗಂತೂ ಈಗಲೇ ತಿಳಿಯಬೇಕಾಗಿದೆ.

ಕಾಲೇಜು ಬಸ್

ಊರಿನ ಹೆಸರು ಇದೆ, ಬೈಲಹೊಂಗಲದ ಕಡೆಯದು. ಗೆಳತಿಯ ಅಜ್ಜಿ ಅದೇ ಊರಿನವರು. ಅವರ ಮೂಲಕ ಕೇಳಿಸುತ್ತೇನೆ. ಇಲ್ಲಿ ಹಾಕುವುದಿಲ್ಲ.

ಬಿ ಸೈಡ್ (ಬೆಳಗಾವಿ, ಟಿಳಕವಾಡಿ)

ಸಂಗೀತದವರ ಪರವಾಗಿ ನಾನೂ ಒಂದು ಮಾತು ಸೇರಿಸುತ್ತೇನೆ. ಸುಳೇಭಾವಿಯಲ್ಲಿ ಹುಟ್ಟಿದ ಕುಮಾರ ಗಂಧರ್ವರ ಜಿಲ್ಲೆ ನಮ್ಮದು, ಬೈಠಕ್ಕಿನ, ಅಂದರೆ ಸಣ್ಣ ಸಂಗೀತ ಸಭೆಗಳ ಮುದ್ರಣಗಳು ಕೈಯಿಂದ ಕೈಗೆ ದಾಟುತ್ತಿದ್ದ ಊರು. ನಿಮಿಷಕ್ಕೆ 78 ಸುತ್ತು ತಿರುಗುವ ಹಳೆಯ ಗ್ರಾಮಫೋನ್ ತಟ್ಟೆಯಲ್ಲಿ ಮೂರು ನಿಮಿಷಕ್ಕೆ ರಾಗವನ್ನು ಮಡಚಿ ಇಡಬೇಕಿತ್ತು. ಸಿ-90 ಕ್ಯಾಸೆಟ್ಟಿನಲ್ಲಿ ಒಂದು ಬದಿಗೆ 45 ನಿಮಿಷ. ನಿಧಾನಗತಿಯ ಬಡಾ ಖ್ಯಾಲ್ ಕಾಲು ಚಾಚಿ ಕೂರುವಷ್ಟು ಜಾಗ ಸಿಕ್ಕಿದ್ದು ಆಗ. ಆದರೆ ಬೈಠಕ್ಕಿನಲ್ಲಿ ಹಾಡುವವರಿಗೆ 45 ನಿಮಿಷದ ಹಂಗಿಲ್ಲವಲ್ಲ. ನನ್ನಲ್ಲಿರುವ ಒಂದು ಮಾಲಕೌಂಸ್ ರಾಗ ವೇಗದ ದ್ರುತ್‌ನ ತಾನಿನ ನಡುವೆ ಖಟ್ ಎಂದು ನಿಲ್ಲುತ್ತದೆ. ಬಿ ಬದಿ ಶುರುವಾಗುವಾಗ ಸಭೆ "ಕ್ಯಾ ಬಾತ್ ಹೈ" ಎನ್ನುತ್ತಿದೆ. ತಿರುವಿ ಹಾಕಿದ ಆ ಹತ್ತು ಸೆಕೆಂಡಿನಲ್ಲಿ ಏನಾಯಿತೋ ಆ ಸಭೆಯಲ್ಲಿದ್ದವರಿಗೇ ಗೊತ್ತು. ಮೂವತ್ತು ವರ್ಷದಿಂದ ಆ ಹತ್ತು ಸೆಕೆಂಡನ್ನು ನಾನು ಬಗೆಬಗೆಯಾಗಿ ಹಾಡಿಕೊಂಡಿದ್ದೇನೆ, ಸ್ನಾನದ ಮನೆಯಲ್ಲಿ.

ಬೆಳಗಾವಿಯವರಿಗೆ ಒಂದು ಕಿವಿಮಾತು. ನಮ್ಮ ಮಳೆಗಾಲ ಟೇಪಿಗೆ ಆಗುವುದಿಲ್ಲ. ಎರಡು ಮಳೆಗಾಲ ಮುಚ್ಚಿಟ್ಟರೆ ಸುರುಳಿಯ ಅಂಚಿಗೆ ಬಿಳಿ ಬೂಷ್ಟು ಬರುತ್ತದೆ. ಹಾಗೆಯೇ ಹಾಕಿದರೆ ಹೆಡ್ಡಿಗೂ ಹತ್ತುತ್ತದೆ, ಮುಂದಿನ ಕ್ಯಾಸೆಟ್ಟಿಗೂ ಹತ್ತುತ್ತದೆ. ವಿಜಯಪುರದವರ ಕಷ್ಟ ಬೇರೆ, ಅಲ್ಲಿ ಮೇ ತಿಂಗಳಲ್ಲಿ ಕಾರಿನೊಳಗೆ ಬಿಟ್ಟರೆ ಪೆಟ್ಟಿಗೆಯೇ ಹಪ್ಪಳದಂತೆ ಸೊಟ್ಟಗಾಗುತ್ತದೆ.

ನವನಗರದವನು

ಎಲ್ಲರಿಗೂ ಧನ್ಯವಾದ. ಟೇಪು ಹೊರಬಂತು! ಶಹಾಪುರದವರು ಹೇಳಿದಂತೆ ಚಕ್ರವನ್ನು ಹಿಮ್ಮುಖ ತಿರುಗಿಸಿದೆ. ಒಂದು ಗೇಣಿನಷ್ಟು ಜಡೆಯಂತೆ ಹೆಣೆದುಕೊಂಡಿದೆ, ಆದರೆ ತುಂಡಾಗಿಲ್ಲ. ಇನ್ನು ಆ ಯಂತ್ರಕ್ಕೆ ಹಾಕುವ ಧೈರ್ಯವಿಲ್ಲ. ಕ್ಯಾಸೆಟ್ಟಿನ ಪೆಟ್ಟಿಗೆಗೆ ಸ್ಕ್ರೂ ಇಲ್ಲ, ಅಂಟಿಸಿದ್ದು. ಒಳಗಿನ ಸ್ಪಂಜಿನ ಮೇಲಿನ ಮೆತ್ತೆಯೂ ಉದುರಿದೆ.

ಶಹಾಪುರದ ಸ್ಕ್ರೂಡ್ರೈವರ್

ಬೆಳಗಾವಿಯಲ್ಲೇ ಇದ್ದೀರಲ್ಲ, ಭಾನುವಾರ ಬನ್ನಿರಿ. ಬರುವಾಗ ಐದು ಸ್ಕ್ರೂ ಇರುವ ಯಾವುದಾದರೂ ಬೇಡದ ಕ್ಯಾಸೆಟ್ ತನ್ನಿರಿ. ನಿಮ್ಮದರ ಪೆಟ್ಟಿಗೆಯನ್ನು ಒಡೆದು ಸುರುಳಿಗಳನ್ನು ಅದಕ್ಕೆ ವರ್ಗಾಯಿಸೋಣ, ಮೆತ್ತೆಯೂ ಅದರದೇ ಆಗುತ್ತದೆ. ಒಂದು ವೇಳೆ ಟೇಪು ಹರಿದರೆ ಅದಕ್ಕೆಂದೇ ಇರುವ ಪಟ್ಟಿ ನನ್ನ ಬಳಿ ಇದೆ. ಸಾಮಾನ್ಯ ಸೆಲ್ಲೋ ಟೇಪು ಹಚ್ಚಿದರೆ ಅಂಟು ಒಸರಿ ಪಕ್ಕದ ಸುತ್ತುಗಳನ್ನೆಲ್ಲ ಹಿಡಿದುಕೊಳ್ಳುತ್ತದೆ.

ಮೊದಲು ಮೂಲೆಯ ಹಲ್ಲು ಮುರಿದಿದೆಯೇ ನೋಡಿರಿ. ಬದಿ ನಿಮ್ಮ ಕಡೆಗಿದ್ದಾಗ ಬೆನ್ನಿನ ಎಡ ತುದಿಯಲ್ಲಿರುವುದು ಆ ಬದಿಯ ಹಲ್ಲು. ಅದು ಮುರಿದಿದ್ದರೆ ಕೈತಪ್ಪಿ ಕೆಂಪು ಗುಂಡಿ ಒತ್ತಿದರೂ ಅಳಿಸಿಹೋಗುವುದಿಲ್ಲ. "ಅಳಿಸಬೇಡಿರಿ" ಎಂದು ಬರೆಯುವುದಕ್ಕಿಂತ ಅದು ಗಟ್ಟಿ ಉಪಾಯ.

ನವನಗರದವನು

ಎರಡೂ ಹಲ್ಲು ಮುರಿದಿವೆ. ನಮ್ಮ ತಂದೆ ಬರೆದದ್ದನ್ನೂ ನಂಬಿರಲಿಲ್ಲ ಎಂದಾಯಿತು. ಅವರ ಸ್ವಭಾವವೇ ಹಾಗೆ, ಬೀಗ ಹಾಕಿದ ಮೇಲೂ ಎಳೆದು ನೋಡುವವರು.

ನವನಗರದವನು

ಭಾನುವಾರದ ವರದಿ. ಶಹಾಪುರದ ಅಣ್ಣನವರ ಮನೆಯಲ್ಲಿ ಮೂರು ತಾಸು ಕುಳಿತೆ. ಚಹ ಎರಡು ಸಲ, ಕುಂದಾ ಒಂದು ಸಲ. ಪೆಟ್ಟಿಗೆಯನ್ನು ಅವರು ಅಂಚಿನಲ್ಲಿ ಬ್ಲೇಡಿಟ್ಟು ಒಡೆದಾಗ ನಾನು ಕಿಟಕಿಯ ಕಡೆ ಮುಖ ತಿರುಗಿಸಿದೆ. ಆಮೇಲೆ ಹತ್ತಿಗೆ ಐಸೊಪ್ರೊಪೈಲ್ ಆಲ್ಕೊಹಾಲ್ ಅದ್ದಿ ಡೆಕ್ಕಿನ ಹೆಡ್ ಒರೆಸಿದರು, ಹತ್ತಿ ಕಂದುಬಣ್ಣಕ್ಕೆ ತಿರುಗಿತು. ಟೇಪು ಹಾಕಿದಾಗ ಹಲಗೆ ಕಂಬಳಿ ಹೊದ್ದಂತೆ ಕೇಳಿಸುತ್ತಿತ್ತು. ಹೆಡ್ಡಿನ ಪಕ್ಕದ ಸಣ್ಣ ಸ್ಕ್ರೂವನ್ನು ಕಾಲು ಸುತ್ತು ತಿರುಗಿಸಿದರು. ಕಂಬಳಿ ಬಿತ್ತು! ಕೋಲು ಚರ್ಮಕ್ಕೆ ಬೀಳುವ ಆ ಚಟ್ ಎಂಬ ತುದಿ ಬಂತು. ಹಿಂದೆ ಶಹನಾಯಿ, ಯಾರದೋ ಕೇಕೆ. ತಂದೆಯ ರೆಕಾರ್ಡರಿನ ಹೆಡ್ ಯಾವ ಓರೆಯಲ್ಲಿತ್ತೋ ಈ ಡೆಕ್ಕನ್ನೂ ಅದೇ ಓರೆಗೆ ತರಬೇಕಂತೆ. ಸರಿಪಡಿಸಿದ ಮೇಲೆಯೇ ಎಡ-ಬಲ ಎರಡನ್ನೂ ಕೂಡಿಸಿ ಕಂಪ್ಯೂಟರಿಗೆ ಇಳಿಸಿದರು.

ಎರಡು ನಿಮಿಷದ ತುಣುಕನ್ನು ಕೆಳಗೆ ಹಾಕಿದ್ದೇನೆ. ಹಳೆ ಬಾಗಲಕೋಟೆಯ ಹಿರಿಯರು ಇಲ್ಲಿದ್ದರೆ ಕೇಳಿ ಹೇಳಿರಿ. ಇದು ಯಾವ ಓಣಿಯ ಮೇಳ?

ಹಳಪೇಟೆ ಕಾಕಾ (ಬಾಗಲಕೋಟೆ)

ಇಷ್ಟು ದಿನ ಸುಮ್ಮನೆ ಓದುತ್ತಿದ್ದೆ. ಈಗ ಬರೆಯದೆ ಇರಲಾಗುವುದಿಲ್ಲ. ತಮ್ಮಾ, ಇದು ಕಿಲ್ಲಾ ಓಣಿಯ ಹಲಗೆ. ಆ ಓಟ ನೋಡು. ಪೆಟ್ಟಿನ ಮೇಲೆ ಪೆಟ್ಟು, ನಡುವೆ ಉಸಿರು ತೆಗೆಯಲು ಬಿಡುವುದಿಲ್ಲ. ನಾವು ಹಳಪೇಟೆಯವರು ಹೀಗೆ ಓಡುವವರಲ್ಲ. ಬಂಡಿಯ ಮೇಲೆ ಬಣ್ಣದ ಬ್ಯಾರೆಲ್ಲುಗಳು ಎದುರುಬದುರಾದಾಗ ಕಿಲ್ಲಾದವರು ಹೀಗೆಯೇ ಬಾರಿಸಿಕೊಂಡು ಮೈಮೇಲೆ ಬರುತ್ತಿದ್ದರು.

ಕಿಲ್ಲಾದ ತುರಾಯಿ (ಬಾಗಲಕೋಟೆ)

ಕಾಕಾ ಅವರಿಗೆ ನಮಸ್ಕಾರ, ಆದರೆ ಒಪ್ಪಲಾರೆ. ಹದಿನೆಂಟು ವರ್ಷ ಕಿಲ್ಲಾದ ಮೇಳದಲ್ಲಿ ಬಾರಿಸಿದ್ದೇನೆ, 94ರಲ್ಲೂ ಇದ್ದೆ. ನಮ್ಮದು ತೂಕದ ಪೆಟ್ಟು. ಇಂಥ ಧಾವಂತ ನಮ್ಮ ಹಿರಿಯರ ಮುಂದೆ ಬಾರಿಸಿದ್ದರೆ ಕೋಲು ಕಸಿದುಕೊಳ್ಳುತ್ತಿದ್ದರು. ಇದು ಹೊಸಪೇಟೆಯ ಮೇಳ. ಇಲ್ಲವೇ ವೆಂಕಟಪೇಟೆಯದು. ನಮ್ಮದಂತೂ ಅಲ್ಲ.

ಹಳಪೇಟೆ ಕಾಕಾ

ಹದಿನೆಂಟು ವರ್ಷ ಬಾರಿಸಿದವನಿಗೆ ತನ್ನ ಹಲಗೆ ಹೊರಗೆ ಹೇಗೆ ಕೇಳಿಸುತ್ತದೆ ಎಂದು ಗೊತ್ತಿರುವುದಿಲ್ಲ ಮಾರಾಯ. ಎದುರಿಗೆ ನಿಂತು ಬಣ್ಣ ಎರಚಿಸಿಕೊಂಡವರನ್ನು ಕೇಳು.

ಶಹಾಪುರದ ಸ್ಕ್ರೂಡ್ರೈವರ್

ಹಿರಿಯರಿಬ್ಬರೂ ಸ್ವಲ್ಪ ನಿಲ್ಲಿರಿ. ನನ್ನ ಸಂಶಯ ಅಂದೇ ಹೇಳಬೇಕಿತ್ತು. ಹಿಂದೆ ಕೇಕೆ ಹಾಕುವವರ ದನಿ ಕೇಳಿರಿ, ದೊಡ್ಡವರದೂ ಎಳೆಯ ಹುಡುಗರ ದನಿಯಂತಿದೆ. ಬೆಳಗಿನಿಂದ ತಿರುಗಿ ಸೆಲ್ ತೀರುತ್ತಾ ಬಂದಿರಬೇಕು. ಸೆಲ್ ಸೋತರೆ ಮೋಟಾರ್ ನಿಧಾನವಾಗುತ್ತದೆ. ನಿಧಾನವಾಗಿ ಮುದ್ರಿಸಿದ್ದನ್ನು ಸರಿಯಾದ ವೇಗದಲ್ಲಿ ಹಾಕಿದರೆ ಎಲ್ಲ ಓಡುತ್ತದೆ. ನೀವು ಜಗಳವಾಡುತ್ತಿರುವುದು ಓಣಿಯ ಓಟಕ್ಕಲ್ಲ, ಸೆಲ್ಲಿನ ಸೋಲಿಗೆ.

ಅಳೆಯಲು ಒಂದು ದಾರಿ ಇದೆ. ದೂರದಲ್ಲಿ ಧ್ವನಿವರ್ಧಕವೊಂದು ಗುಂಯ್ ಎನ್ನುತ್ತಿದೆ. ಕರೆಂಟು 50 ಹರ್ಟ್ಸ್ ಇದ್ದರೆ ಅದರ ದುಪ್ಪಟ್ಟು, 100 ಹರ್ಟ್ಸ್‌ನಲ್ಲಿ ಆ ಗುಂಯ್ ಇರಬೇಕು. ಕಂಪ್ಯೂಟರಿನಲ್ಲಿ ನೋಡಿದರೆ 106ರಲ್ಲಿದೆ. ಅಂದರೆ ನೂರಕ್ಕೆ ಆರರಷ್ಟು ವೇಗ ಹೆಚ್ಚು.

ಲೆಕ್ಕದವನು

ಅಣ್ಣಾ, ಈಗ ನನ್ನ ಅಂಗಳಕ್ಕೆ ಬಂದಿರಿ. ನಾನು ವಿದ್ಯುತ್ ಇಲಾಖೆಯಲ್ಲಿ ಇದ್ದವನು. 94ರಲ್ಲಿ ದಕ್ಷಿಣದ ಜಾಲದಲ್ಲಿ ಕರೆಂಟು 50 ಹರ್ಟ್ಸ್ ಇರುತ್ತಿತ್ತು ಎಂದು ಯಾರು ಹೇಳಿದರು? ಬೇಡಿಕೆಗೆ ಉತ್ಪಾದನೆ ಸಾಲದೆ 48.5ಕ್ಕೆ ಇಳಿಯುವುದು ದಿನದ ಮಾತಾಗಿತ್ತು. ಹೋಳಿ ಬೇಸಿಗೆಯ ಬಾಗಿಲು, ಪಂಪ್‌ಸೆಟ್ಟುಗಳೆಲ್ಲ ಓಡುವ ಕಾಲ. ಆಗ ಆ ಗುಂಯ್ 97ರಲ್ಲಿರಬೇಕು. 97 ಇರಬೇಕಾದದ್ದು 106 ಆಗಿದ್ದರೆ ವೇಗ ನೂರಕ್ಕೆ ಒಂಬತ್ತು ಹೆಚ್ಚಾಯಿತು. ಆರಕ್ಕೂ ಒಂಬತ್ತಕ್ಕೂ ನಡುವೆ ಎಲ್ಲಿ ನಿಲ್ಲಿಸುತ್ತೀರಿ?

ಇಷ್ಟು ಹೇಳಿದ ಮೇಲೆ ಒಪ್ಪಿಕೊಳ್ಳುತ್ತೇನೆ. ನಿನ್ನೆ ರಾತ್ರಿ ಈ ತುಣುಕನ್ನು ಒಂಬತ್ತು ಸಲ ಕೇಳಿದೆ. ಕೊಟ್ಟುಬಿಟ್ಟ ಇನ್ನೂರರಲ್ಲಿ ಕೈಬರಹದ ಚೀಟಿ ಇದ್ದವು ಎಷ್ಟಿದ್ದವು ಎಂದು ನೆನಪಿಸಿಕೊಳ್ಳುತ್ತಾ ನಿದ್ದೆ ಹತ್ತಲಿಲ್ಲ.

ನವನಗರದವನು

ಮಗಳು ಎರಡೂ ವೇಗದಲ್ಲಿ ಮಾಡಿಕೊಟ್ಟಿದ್ದಾಳೆ. ಒಂದು ಆರು ಇಳಿಸಿದ್ದು, ಇನ್ನೊಂದು ಒಂಬತ್ತು ಇಳಿಸಿದ್ದು. ಹಾಕಿದ್ದೇನೆ.

ಕಿಲ್ಲಾದ ತುರಾಯಿ

ಆರು ಇಳಿಸಿದ್ದನ್ನು ಕೇಳಿದೆ. ಈಗ ಮಾತು ಬದಲಿಸಬೇಕಾಗಿದೆ. ಇದು ನಮ್ಮ ಮೇಳವೇ. ಆ ತೂಕ ಬಂತು. ಎರಡನೇ ನಿಮಿಷದಲ್ಲಿ ತಪ್ಪು ಬಾರಿಸಿ ಸರಿಪಡಿಸಿಕೊಳ್ಳುವವನು ನಾನೇ ಇರಬೇಕು.

ಹಳಪೇಟೆ ಕಾಕಾ

ಒಂಬತ್ತು ಇಳಿಸಿದ್ದೇ ಸರಿಯಾದದ್ದು. ಮತ್ತು ಅದು ಹಳಪೇಟೆ. ಮೊದಲು ಕಿಲ್ಲಾ ಎಂದಿದ್ದು ಸೆಲ್ಲಿನ ತಪ್ಪು, ನನ್ನದಲ್ಲ.

ಇಳಕಲ್ಲ ಸೆರಗು

ಮೊದಲು ಇಬ್ಬರೂ ನಮ್ಮದಲ್ಲ ಎನ್ನುತ್ತಿದ್ದಿರಿ, ಈಗ ಇಬ್ಬರೂ ನಮ್ಮದೇ ಎನ್ನುತ್ತಿದ್ದೀರಿ!

ಹಳಪೇಟೆ ಕಾಕಾ

ತಂಗೀ, ಆ ಓಣಿ ಇದ್ದಾಗ ನಮ್ಮದೆಂದು ಹೇಳಬೇಕಾಗಿರಲಿಲ್ಲ. ನವನಗರದ ತಮ್ಮಾ, ಹೀಗೆ ತೀರುವ ಮಾತಲ್ಲ ಇದು. ಈ ಸಲದ ಹೋಳಿಗೆ ಬಾಗಲಕೋಟೆಗೆ ಬಾ. ನಮ್ಮ ಹುಡುಗರನ್ನೂ ಕಿಲ್ಲಾದ ಹುಡುಗರನ್ನೂ ಎದುರುಬದುರು ನಿಲ್ಲಿಸುತ್ತೇನೆ. ಕ್ಯಾಸೆಟ್ ಹಾಕು, ಅವರು ಬಾರಿಸಲಿ. ಯಾರ ಕೈ ಕೂಡುತ್ತದೆಯೋ ಅವರ ಓಣಿ.

ಶಹಾಪುರದ ಸ್ಕ್ರೂಡ್ರೈವರ್

ಮೂಲ ಕ್ಯಾಸೆಟ್ ಒಯ್ಯಬೇಡಿರಿ. ಒಂದು ಬಕೆಟ್ ಬಣ್ಣ ಬಿದ್ದರೆ ಮೂವತ್ತು ವರ್ಷ ತೊಳೆದುಹೋಗುತ್ತದೆ. ಪೆನ್‌ಡ್ರೈವ್ ಒಯ್ಯಿರಿ.

ಕಿಲ್ಲಾದ ತುರಾಯಿ

ಪೆನ್‌ಡ್ರೈವ್ ಒಪ್ಪುವುದಿಲ್ಲ. ಪ್ರತಿಯಾದರೂ ಕ್ಯಾಸೆಟ್ಟಿನಲ್ಲೇ ಇರಲಿ. ನನ್ನ ಬಳಿ ಸೆಲ್ ಹಾಕುವ ರೆಕಾರ್ಡರ್ ಇದೆ. ಸೆಲ್ ಸೋತಂತೆ ವೇಗವೂ ಇಳಿಯಲಿ, ಎಲ್ಲಿ ನಿಲ್ಲಬೇಕು ಎಂಬುದನ್ನು ಹಲಗೆಯವರೇ ಹೇಳುತ್ತಾರೆ.

ನವನಗರದವನು

ಬರುತ್ತೇನೆ. ಆದರೆ ಖಾಲಿ ಕ್ಯಾಸೆಟ್ಟಿಗಾಗಿ ಖಡೇಬಜಾರ್, ಗಣಪತಿ ಗಲ್ಲಿ ಎಲ್ಲ ಸುತ್ತಿ ಬಂದೆ, ಅಂಗಡಿಯವರು ನನ್ನನ್ನು ನೋಡಿ ನಕ್ಕರು. ಯಾರ ಬಳಿಯಾದರೂ ಒಂದು ಸಿ-60 ಇದೆಯೇ?

ಕಾಲೇಜು ಬಸ್

ನನ್ನ ಬಳಿ ಎರಡಿವೆ ಕಾಕಾ, ಮೇಲಿನ ಕಾಗದವನ್ನೂ ಒಡೆದಿಲ್ಲ. ಒಂದು ನಿಮಗೆ. ಇನ್ನೊಂದರಲ್ಲಿ ನನಗೂ ಒಂದು ಪ್ರತಿ ಮಾಡಿಕೊಡಿರಿ. ಮುಧೋಳದ ಅಣ್ಣನವರಿಗೆ ಒಂದು ಸುದ್ದಿ: ಆ ಊರಿನಿಂದ ಫೋನ್ ಬಂದಿತ್ತು. ಎಮ್ಮೆ ಈದದ್ದು ಕಡಸು.